ಕಾಗದದ ಬದಲು ಫ್ಯಾಕ್ಸ್: ಡಿಫಾಲ್ಟ್ ಪ್ರಿಂಟರ್ ಗೊಂದಲ ಬಿಡಿಸುವ ಬಗೆ

ಚಂದ್ರಾ ಲೇಔಟ್, ವಿಜಯನಗರ, ನಾಗರಬಾವಿಯಂತಹ ಬಡಾವಣೆಗಳಲ್ಲಿ ಮನೆಯ ಕೆಳಗಿನ ಕೋಣೆಯನ್ನೇ ಕಚೇರಿ ಮಾಡಿಕೊಂಡ ವಕೀಲರು, ಲೆಕ್ಕಪರಿಶೋಧಕರು, ಡಿಟಿಪಿ ಕೆಲಸದವರು ಅನೇಕರು. ಇಂತಹ ಕಡೆ ಮುದ್ರಣ, ಜೆರಾಕ್ಸ್, ಸ್ಕ್ಯಾನ್, ಫ್ಯಾಕ್ಸ್ ನಾಲ್ಕನ್ನೂ ಒಂದೇ ಯಂತ್ರ ಮಾಡುವುದುಂಟು. ಒಂದು ದಿನ ವರ್ಡ್‌ನಲ್ಲಿ ಪತ್ರ ಸಿದ್ಧಪಡಿಸಿ ಮುದ್ರಣದ ಗುಂಡಿ ಒತ್ತಿದರೆ ಕಾಗದ ಹೊರಬರುವುದಿಲ್ಲ. ಬದಲಿಗೆ ಫ್ಯಾಕ್ಸ್ ಸಂಖ್ಯೆ ಕೇಳುವ ಕಿಟಕಿಯೊಂದು ಪರದೆಯ ಮೇಲೆ ಮೂಡುತ್ತದೆ. ಆ ಕಿಟಕಿ ಬೇರೆ ಕಡತಗಳ ಹಿಂದೆ ಮರೆಯಾಗಿದ್ದರಂತೂ ಬಳಕೆದಾರರು ಗುಂಡಿಯನ್ನು ಮತ್ತೆ ಮತ್ತೆ ಒತ್ತಿ, ಕಡೆಗೆ ದುರಸ್ತಿಯವರಿಗೆ ಕರೆ ಮಾಡುತ್ತಾರೆ. ವಾಸ್ತವವಾಗಿ ಯಂತ್ರ ಕೆಟ್ಟಿರುವುದಿಲ್ಲ. ಗಣಕವು ಪುಟವನ್ನು ಬೇರೆ ದಾರಿಗೆ ಕಳುಹಿಸಿರುತ್ತದೆ.

ಗೊಂದಲದ ಮೂಲ

ಗಣಕದ ದೃಷ್ಟಿಯಲ್ಲಿ ಫ್ಯಾಕ್ಸ್ ಕೂಡ ಒಂದು ಮುದ್ರಕವೇ. ಫ್ಯಾಕ್ಸ್ ತಂತ್ರಾಂಶವನ್ನು ಅಳವಡಿಸಿದೊಡನೆ ಮುದ್ರಕಗಳ ಪಟ್ಟಿಯಲ್ಲಿ ಅದರದೇ ಒಂದು ಹೆಸರು ಸೇರಿಕೊಳ್ಳುತ್ತದೆ. ಡೆಲ್ರಿನಾ ಸಂಸ್ಥೆ ರೂಪಿಸಿ, 1995ರಲ್ಲಿ ಸಿಮ್ಯಾಂಟೆಕ್ ಕೈಸೇರಿದ ವಿನ್‌ಫ್ಯಾಕ್ಸ್ ನಡೆದುಕೊಂಡದ್ದು ಹೀಗೆಯೇ. ವಿಂಡೋಸ್‌ನದೇ ಫ್ಯಾಕ್ಸ್ ಸೌಲಭ್ಯದ ರೀತಿಯೂ ಇದೇ. ಬಹುಕಾರ್ಯ ಯಂತ್ರಗಳಲ್ಲಿ ಅನೇಕವು ಇಂದಿಗೂ ಎರಡು ಹೆಸರುಗಳನ್ನು ಪಟ್ಟಿಗೆ ಸೇರಿಸುತ್ತವೆ: ಒಂದು ಕಾಗದಕ್ಕೆ, ಇನ್ನೊಂದು ಫ್ಯಾಕ್ಸಿಗೆ.

ಈ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ಡಿಫಾಲ್ಟ್ ಸ್ಥಾನ. ವರ್ಡ್‌ನ ಕ್ವಿಕ್ ಪ್ರಿಂಟ್ ಗುಂಡಿ ಏನನ್ನೂ ಕೇಳದೆ ಪುಟವನ್ನು ಆ ಮುದ್ರಕಕ್ಕೇ ಒಪ್ಪಿಸುತ್ತದೆ. ಹೀಗಿರುವಾಗ ಆ ಸ್ಥಾನ ಫ್ಯಾಕ್ಸಿನ ಪಾಲಾಗಲು ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು, ಅಳವಡಿಕೆಯ ಸಮಯದಲ್ಲಿ ತಂತ್ರಾಂಶವೇ ತನ್ನನ್ನು ಡಿಫಾಲ್ಟ್ ಮಾಡಿಕೊಳ್ಳುವುದು. ಎರಡನೆಯದು, ವರ್ಡ್‌ನೊಳಗೆ ಕೆಲಸ ಮಾಡುವ ಮ್ಯಾಕ್ರೋ. ಮ್ಯಾಕ್ರೋ ಮೂಲಕ ವರ್ಡ್‌ನ ಮುದ್ರಕವನ್ನು ಬದಲಿಸಿದರೆ ಇಡೀ ವಿಂಡೋಸ್‌ನ ಡಿಫಾಲ್ಟ್ ಬದಲಾಗಿಬಿಡಬಹುದು, ಎಕ್ಸೆಲ್‌ನಲ್ಲಿ ಹಾಗಾಗುವುದಿಲ್ಲ. ಫ್ಯಾಕ್ಸ್ ಕಳುಹಿಸಿದ ಬಳಿಕ ಹಳೆಯ ಮುದ್ರಕವನ್ನು ಮರಳಿ ನೇಮಿಸಬೇಕಾದ ಮ್ಯಾಕ್ರೋ ನಡುವೆಯೇ ನಿಂತರೆ ಫ್ಯಾಕ್ಸ್ ಅಲ್ಲಿಯೇ ಉಳಿಯುತ್ತದೆ. ಮೂರನೆಯದು, ವಿಂಡೋಸ್ 10ರ 2015ರ ನವೆಂಬರ್ ಪರಿಷ್ಕರಣೆಯಲ್ಲಿ ಬಂದ ಏರ್ಪಾಡು. ಅದರ ಪ್ರಕಾರ ಕೊನೆಯದಾಗಿ ಬಳಸಿದ ಮುದ್ರಕವೇ ತಾನಾಗಿ ಡಿಫಾಲ್ಟ್ ಆಗುತ್ತದೆ. ಬೆಳಿಗ್ಗೆ ಒಂದು ಫ್ಯಾಕ್ಸ್ ಕಳುಹಿಸಿದವರು ಮಧ್ಯಾಹ್ನ ಬಿಲ್ ಮುದ್ರಿಸಲು ಹೊರಟಾಗ ತೊಡಕು ಎದುರಾಗುವುದು ಇದರಿಂದಲೇ.

ಸರಿಪಡಿಸುವ ಕ್ರಮ

ಮೊದಲು ಫ್ಯಾಕ್ಸ್ ಮುದ್ರಕದ ಸರತಿಯನ್ನು ತೆರೆದು, ಅಲ್ಲಿ ಕಾದಿರುವ ಪುಟಗಳನ್ನು ರದ್ದುಪಡಿಸಬೇಕು. ಇಲ್ಲವಾದರೆ ಬೇಡದ ಕಾಗದ ಯಾರಿಗಾದರೂ ತಲುಪೀತು.

ಬಳಿಕ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್' ವಿಭಾಗಕ್ಕೆ ಹೋಗಿ 'ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡಿಫಾಲ್ಟ್ ಪ್ರಿಂಟರ್' ಎಂಬ ಆಯ್ಕೆಯನ್ನು ನಿಲ್ಲಿಸಬೇಕು. ಅನಂತರ ಕಾಗದದ ಮುದ್ರಕವನ್ನು ಆರಿಸಿ 'ಸೆಟ್ ಆಸ್ ಡಿಫಾಲ್ಟ್' ಒತ್ತಬೇಕು. ತೆರೆದಿರುವ ವರ್ಡ್, ಎಕ್ಸೆಲ್‌ಗಳನ್ನು ಮುಚ್ಚಿ ಮತ್ತೆ ತೆರೆಯುವುದು ಲೇಸು.

ಇಷ್ಟಾದರೂ ಫ್ಯಾಕ್ಸ್ ಮರಳಿ ಬಂದರೆ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ವರ್ಡ್ ಅನ್ನು ಸೇಫ್ ಮೋಡ್‌ನಲ್ಲಿ ತೆರೆದು ನೋಡಬೇಕು. ಆಗ ತೊಂದರೆ ಕಾಣದಿದ್ದರೆ ದೋಷ ಬಹುಮಟ್ಟಿಗೆ ಆಡ್-ಇನ್ ಅಥವಾ ಮ್ಯಾಕ್ರೋದ್ದು. ಆಡ್-ಇನ್‌ಗಳ ಪಟ್ಟಿಯಿಂದ ಫ್ಯಾಕ್ಸ್ ತಂತ್ರಾಂಶದ್ದನ್ನು ತೆಗೆದುಹಾಕಬಹುದು. ಡಿಫಾಲ್ಟ್ ಮುದ್ರಕದ ನೇಮಕ ವಿಂಡೋಸ್‌ನಲ್ಲಿ ಬಳಕೆದಾರರಿಗೆ ತಕ್ಕಂತೆ ಪ್ರತ್ಯೇಕವಾಗಿರುತ್ತದೆ. ಆದಕಾರಣ ಇಬ್ಬರು ಒಂದೇ ಗಣಕವನ್ನು ಬಳಸುವ ಕಚೇರಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಇರುವುದು ಒಳಿತು.

ಅಕ್ಷರಕ್ಕೂ ಬಾಧೆ

ಮುದ್ರಕ ಬದಲಾದರೆ ಪುಟದ ಅಂಚು ಮತ್ತು ಪುಟವಿಭಜನೆಯೂ ಬದಲಾಗಬಹುದು. ಅಲ್ಲದೆ, ಸಾಮಾನ್ಯ ದರ್ಜೆಯ ಫ್ಯಾಕ್ಸ್‌ನಲ್ಲಿ ಲಂಬವಾಗಿ ಅಂಗುಲಕ್ಕೆ ಸುಮಾರು 98 ಗೆರೆಗಳು ಮಾತ್ರ. 'ಫೈನ್' ದರ್ಜೆಯಲ್ಲಿ 196. 2 ಮಿಲಿಮೀಟರ್ ಎತ್ತರದ ಕನ್ನಡ ಒತ್ತಕ್ಷರವೊಂದಕ್ಕೆ ಸಾಮಾನ್ಯ ದರ್ಜೆಯಲ್ಲಿ ದೊರೆಯುವುದು ಎಂಟು ಗೆರೆಗಳಿಗೂ ಕಡಿಮೆ. 600 ಡಿಪಿಐ ಲೇಸರ್ ಮುದ್ರಕದಲ್ಲಿ ಅದೇ ಒತ್ತಿಗೆ 47 ಗೆರೆಗಳು ದೊರೆಯುತ್ತವೆ. ಆದ್ದರಿಂದ ಕನ್ನಡ ಪತ್ರಗಳನ್ನು ಫ್ಯಾಕ್ಸ್ ಮಾಡುವಾಗ 'ಫೈನ್' ದರ್ಜೆಯನ್ನು ಆರಿಸುವುದು ಅಗತ್ಯ.

ಒಂದು ಪುಟದ ಬೆಲೆ

ಇದು ಕೇವಲ ಕಾಗದ, ಸಮಯಗಳ ನಷ್ಟದ ಮಾತಲ್ಲ. ಬೆಂಗಳೂರಿನ ರೇಷ್ಮೆ ರಫ್ತು ಸಂಸ್ಥೆಯೊಂದು ಅಮೆರಿಕದ ಕಂಪನಿಯ ವಿರುದ್ಧ ಹೂಡಿದ್ದ ಚೆಕ್ ಅಮಾನ್ಯ ಪ್ರಕರಣ ಇದಕ್ಕೆ ನಿದರ್ಶನ. ಆ ಸಂಸ್ಥೆ 1996ರ ಜೂನ್ 11ರಂದು ನೋಟಿಸನ್ನು ಫ್ಯಾಕ್ಸ್ ಮಾಡಿತ್ತು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಪ್ರತಿ ಜೂನ್ 25ರಂದು ತಲುಪಿತ್ತು. ದೂರು ದಾಖಲಾದದ್ದು ಆಗಸ್ಟ್ 8ರಂದು. ಹಣ ಪಾವತಿಗೆ ಆಗ ಇದ್ದ ಗಡುವು 15 ದಿನ, ಆ ಬಳಿಕ ದೂರು ನೀಡಲು ಒಂದು ತಿಂಗಳು. ಅಂಚೆಯ ದಿನದಿಂದ ಎಣಿಸಿದರೆ ದೂರು ಸಕಾಲದ್ದು, ಫ್ಯಾಕ್ಸಿನ ದಿನದಿಂದ ಎಣಿಸಿದರೆ ತಡವಾದದ್ದು. ಫ್ಯಾಕ್ಸ್ ಕೂಡ ಲಿಖಿತ ನೋಟಿಸೇ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಳುಹಿಸಿದವರ ಫ್ಯಾಕ್ಸೇ ಅವರ ದೂರಿಗೆ ಮುಳುವಾಯಿತು. 2002ರ ಜುಲೈ 1ರಿಂದ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಲ್ಲಿ ಸಮನ್ಸ್ ತಲುಪಿಸುವ ಮಾರ್ಗಗಳ ಸಾಲಿಗೆ ಫ್ಯಾಕ್ಸ್ ಹಾಗೂ ಇ-ಮೇಲ್ ಕೂಡ ಸೇರಿದವು.

ಕರಡು ನೋಟಿಸೊಂದು ಅರಿವಿಲ್ಲದೆ ಫ್ಯಾಕ್ಸ್ ಆದರೂ ತೊಡಕೇ, ಹೋಯಿತೆಂದು ನಂಬಿದ ನೋಟಿಸು ಸರತಿಯಲ್ಲೇ ಉಳಿದರೂ ತೊಡಕೇ. ಡಿಫಾಲ್ಟ್ ಸ್ಥಾನವನ್ನು ಕಾಗದದ ಮುದ್ರಕಕ್ಕೆ ಕಾಯಂ ಆಗಿ ಬಿಟ್ಟುಕೊಟ್ಟು, ಫ್ಯಾಕ್ಸ್ ಅನ್ನು ಪ್ರತಿ ಬಾರಿಯೂ ಕಂಟ್ರೋಲ್-ಪಿ ಒತ್ತಿ ಪಟ್ಟಿಯಿಂದ ಕೈಯಾರೆ ಆರಿಸುವುದೇ ಕ್ಷೇಮ. ಕಳುಹಿಸಿದ ಬಳಿಕ ದಿನಾಂಕ, ವೇಳೆ, ಪುಟಗಳ ಸಂಖ್ಯೆ ನಮೂದಾಗಿರುವ ರವಾನೆ ವರದಿಯನ್ನು ಮುದ್ರಿಸಿ ಕಡತಕ್ಕೆ ಸೇರಿಸಿಡಬೇಕು.