ಹಿಂದಿನ ರಾತ್ರಿಯ ಕೆಲಸ: ಹಬ್ಬದ ಮುಂಜಾನೆಯ ಮೊಟ್ಟೆ ಕ್ಯಾಸರೋಲಿನ ಚರಿತ್ರೆ

ಡಿಸೆಂಬರ್ 25ರ ಬೆಳಗ್ಗೆ ಅಮೆರಿಕದ ಅಸಂಖ್ಯ ಮನೆಗಳಲ್ಲಿ ಒಂದೇ ಬಗೆಯ ಕೆಲಸ ನಡೆಯುತ್ತದೆ. ಮಕ್ಕಳು ಕ್ರಿಸ್‌ಮಸ್ ಮರದ ಕೆಳಗಿನ ಉಡುಗೊರೆಗಳನ್ನು ಬಿಚ್ಚುವ ಸಡಗರದಲ್ಲಿರುವಾಗ, ಮನೆಯ ಹಿರಿಯರೊಬ್ಬರು ಹಿಂದಿನ ರಾತ್ರಿಯೇ ಸಿದ್ಧಪಡಿಸಿದ್ದ ಗಾಜಿನ ಪಾತ್ರೆಯೊಂದನ್ನು ಫ್ರಿಜ್‌ನಿಂದ ತೆಗೆದು ಓವನ್ನಿನಲ್ಲಿ ಇಡುತ್ತಾರೆ. ಬ್ರೆಡ್ಡಿನ ತುಂಡುಗಳು, ತುರಿದ ಚೀಸ್, ಹುರಿದ ಸಾಸೇಜ್ ಅಥವಾ ತರಕಾರಿ, ಇವೆಲ್ಲವನ್ನೂ ನೆನೆಸಿದ ಮೊಟ್ಟೆ ಮತ್ತು ಹಾಲಿನ ಮಿಶ್ರಣ: ಇದೇ ಮೊಟ್ಟೆ ಕ್ಯಾಸರೋಲ್. ಬ್ರೆಡ್ಡಿನ ಪದರಗಳಿರುವ ಬಗೆಗೆ ‘ಸ್ಟ್ರಾಟಾ’ ಎಂಬ ಹೆಸರೂ ಇದೆ. ಪದರಗಳು ಎಂಬುದೇ ಆ ಲ್ಯಾಟಿನ್ ಪದದ ಅರ್ಥ.

ಈ ತಿನಿಸನ್ನು ತಲೆತಲಾಂತರದಿಂದ ಬಂದ ಹಬ್ಬದಡುಗೆಯೆಂದೇ ಇಲ್ಲಿನವರು ಭಾವಿಸುತ್ತಾರೆ. ಅದರ ಬೇರುಗಳು ಪ್ರಾಚೀನವಾದವು, ನಿಜ. ಆದರೆ ಹಬ್ಬದ ಮುಂಜಾನೆಯ ತಿಂಡಿಯಾಗಿ ಅದು ಪಡೆದಿರುವ ಸ್ಥಾನ ಇಪ್ಪತ್ತನೆಯ ಶತಮಾನದ್ದು. ಚಳಿಗಾಲದಲ್ಲಿ ಧಾರಾಳವಾಗಿ ದೊರೆಯುವ ಮೊಟ್ಟೆ, ಓವನ್ನಿನ ಶಾಖವನ್ನು ತಾಳುವ ಗಾಜು, ಹೋಳು ಮಾಡಿದ ಬ್ರೆಡ್, ಮನೆಯೊಳಗಿನ ಫ್ರಿಜ್ ಎಂಬ ನಾಲ್ಕು ಸಂಗತಿಗಳು ಒಂದೆಡೆ ಕೂಡಿದ ಮೇಲೆಯೇ ಅದು ಮನೆಮಾತಾಯಿತು. ಈ ನಾಲ್ಕರ ಕಥೆಯನ್ನೂ, ಅವುಗಳ ಹಿಂದಿರುವ ದುಡಿಮೆಯ ಕಥೆಯನ್ನೂ ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊಟ್ಟೆಯನ್ನು ಬೇರೆ ಪದಾರ್ಥಗಳೊಡನೆ ಬೆರೆಸಿ ಅಗಲವಾದ ಪಾತ್ರೆಯಲ್ಲಿ ಗಟ್ಟಿಯಾಗುವಂತೆ ಬೇಯಿಸುವ ಕ್ರಮ ರೋಮನ್ನರಿಗೆ ತಿಳಿದಿತ್ತು. ಅಪಿಸಿಯಸ್‌ನ ಹೆಸರಿನಲ್ಲಿ ಉಳಿದುಬಂದಿರುವ ಲ್ಯಾಟಿನ್ ಪಾಕಗ್ರಂಥದಲ್ಲಿ ‘ಪಟಿನಾ’ ಎಂಬ ಇಂಥ ತಿನಿಸುಗಳ ದೊಡ್ಡ ಗುಂಪೇ ಇದೆ. ಶತಾವರಿಯ ಎಳೆ ಕಾಂಡಗಳನ್ನು ಅರೆದು ಮಾಡುವ ಪಟಿನಾ ಅವುಗಳಲ್ಲೊಂದು. ಪಟಿನಾ ಎಂಬುದು ಮೊದಲು ಪಾತ್ರೆಯ ಹೆಸರು. ಅದರಲ್ಲಿ ಬೇಯಿಸಿದ್ದಕ್ಕೂ ಅದೇ ಹೆಸರು ಅಂಟಿಕೊಂಡಿತು. ಫ್ರೆಂಚ್ ಮೂಲದ ‘ಕ್ಯಾಸರೋಲ್’ ಎಂಬ ಪದದ ಕಥೆಯೂ ಇದೇ. ಅದೂ ಮೊದಲು ಪಾತ್ರೆಯನ್ನು, ಅನಂತರ ಪಾತ್ರೆಯೊಳಗಿನ ಅಡುಗೆಯನ್ನು ಸೂಚಿಸಿತು.

ಇನ್ನೊಂದು ಬೇರು ಮಿತವ್ಯಯದ್ದು. ಒಣಗಿ ಗಟ್ಟಿಯಾದ ಬ್ರೆಡ್ಡನ್ನು ಎಸೆಯದೆ ಹಾಲಿನಲ್ಲಿ ನೆನೆಸಿ ಮತ್ತೆ ತಿನ್ನಲು ಯೋಗ್ಯವಾಗಿಸುವ ಪದ್ಧತಿ ಯೂರೋಪಿನ ಉದ್ದಗಲಕ್ಕೂ ಇತ್ತು. ಫ್ಯಾನಿ ಫಾರ್ಮರ್ 1896ರಲ್ಲಿ ಪ್ರಕಟಿಸಿದ ಬಾಸ್ಟನ್ ಅಡುಗೆ ಶಾಲೆಯ ಪಾಕಪುಸ್ತಕವು ಕಪ್ಪು, ಚಮಚಗಳ ಸಮತಟ್ಟಾದ ಅಳತೆಯನ್ನು ಅಮೆರಿಕದ ಮನೆಗಳಿಗೆ ಕಲಿಸಿದ ಗ್ರಂಥ. ಅದರಲ್ಲಿ ‘ಚೀಸ್ ಫಾಂಡು’ ಎಂಬ ಹೆಸರಿನ ಪಾಕವೊಂದಿದೆ. ಒಂದು ಕಪ್ ಬಿಸಿ ಹಾಲು, ಒಂದು ಕಪ್ ಹಳೆಯ ಬ್ರೆಡ್ಡಿನ ಪುಡಿ, ಕಾಲು ಪೌಂಡ್ ಚೀಸ್, ಸ್ವಲ್ಪ ಬೆಣ್ಣೆ ಮತ್ತು ಉಪ್ಪು, ಮೂರು ಮೊಟ್ಟೆ. ಇವನ್ನು ಬೆರೆಸಿ ಓವನ್ನಿನಲ್ಲಿ ಬೇಯಿಸಬೇಕು. ಇಂದಿನ ಸ್ಟ್ರಾಟಾದ ಮೂಲದ್ರವ್ಯಗಳೆಲ್ಲ ಇಲ್ಲಿವೆ. ರಾತ್ರಿಯಿಡೀ ನೆನೆಯುವ ಕ್ರಮ ಮಾತ್ರ ಇಲ್ಲ.

ಇಂಥ ತಿನಿಸು ಆಗಲೇ ಕ್ರಿಸ್‌ಮಸ್ ಬೆಳಗಿನದಾಗಲು ಒಂದು ಅಡ್ಡಿಯಿತ್ತು. ಕೋಳಿಗಳು ಮೊಟ್ಟೆಯಿಡುವುದು ಹಗಲಿನ ಬೆಳಕನ್ನು ಅವಲಂಬಿಸಿದೆ. ದಿನಕ್ಕೆ ಸುಮಾರು 14 ಗಂಟೆಗಳ ಬೆಳಕು ದೊರೆತರೆ ಅವು ಚೆನ್ನಾಗಿ ಇಡುತ್ತವೆ. ಉತ್ತರದ ದೇಶಗಳಲ್ಲಿ ಡಿಸೆಂಬರಿನ ಹಗಲು ಒಂಬತ್ತು ಗಂಟೆಗಳಿಗೆ ಇಳಿದಾಗ ಗೂಡುಗಳು ಬರಿದಾಗುತ್ತಿದ್ದವು. ಮೊಟ್ಟೆಯ ಸುಗ್ಗಿ ವಸಂತಕಾಲದಲ್ಲಿ. ಆಗ ದೊರೆತ ಮೊಟ್ಟೆಗಳನ್ನು ಸುಣ್ಣದ ನೀರಿನಲ್ಲೋ ‘ವಾಟರ್ ಗ್ಲಾಸ್’ ಎಂದು ಕರೆಯುತ್ತಿದ್ದ ಸೋಡಿಯಂ ಸಿಲಿಕೇಟ್ ದ್ರಾವಣದಲ್ಲೋ ಮುಳುಗಿಸಿ, ನೆಲಮಾಳಿಗೆಯಲ್ಲಿ ಕಾಪಿಟ್ಟು, ಚಳಿಗಾಲದಲ್ಲಿ ಎಣಿಸಿ ಬಳಸುತ್ತಿದ್ದರು. ಒಂದೇ ತಿಂಡಿಗೆ ಎಂಟು ಹತ್ತು ತಾಜಾ ಮೊಟ್ಟೆ ಒಡೆಯುವುದು ಆ ಕಾಲದ ಸಾಮಾನ್ಯ ಕುಟುಂಬಕ್ಕೆ ಎಟುಕುವ ಮಾತಾಗಿರಲಿಲ್ಲ. ಶೀತಲ ಉಗ್ರಾಣಗಳು ಈ ಕೊರತೆಯನ್ನು ಒಂದಿಷ್ಟು ತುಂಬಿದವು. ಕೋಳಿಮನೆಗಳಿಗೆ ವಿದ್ಯುದ್ದೀಪ ಬಂದಾಗ ಚಳಿಗಾಲದಲ್ಲಿಯೂ ಮೊಟ್ಟೆ ಸಾಧ್ಯವಾಯಿತು. ಆದರೆ 1930ರ ದಶಕದ ನಡುಭಾಗದಲ್ಲಿ ಅಮೆರಿಕದ ಹೊಲಮನೆಗಳಲ್ಲಿ ಸರಿಸುಮಾರು ಹತ್ತಕ್ಕೆ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. 1936ರ ಗ್ರಾಮೀಣ ವಿದ್ಯುದೀಕರಣ ಕಾಯಿದೆಯ ನಂತರ ತಂತಿಗಳು ಹಳ್ಳಿಗಳನ್ನು ಮುಟ್ಟಿದವು. ಹಬ್ಬದ ತಿಂಡಿಯ ಕಥೆಗೂ ವಿದ್ಯುತ್ ಕಂಬಗಳ ಕಥೆಗೂ ಹೀಗೆ ನಂಟುಂಟು.

ಎರಡನೆಯ ಸಂಗತಿ ಪಾತ್ರೆಯದು. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಪಟ್ಟಣದ ಗಾಜಿನ ಕಾರ್ಖಾನೆಯು ಶಾಖದ ಏರಿಳಿತವನ್ನು ತಾಳಬಲ್ಲ ಗಾಜನ್ನು ರೈಲ್ವೆ ದೀಪಗಳಿಗಾಗಿ ತಯಾರಿಸುತ್ತಿತ್ತು. ಅಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ಭೌತವಿಜ್ಞಾನಿ ಕೆಲಸಕ್ಕಿದ್ದರು. 1913ರಲ್ಲಿ ಅವರ ಪತ್ನಿ ಬೆಸ್ಸಿ ಅವರ ಮಣ್ಣಿನ ಬೇಕಿಂಗ್ ಪಾತ್ರೆ ಒಡೆಯಿತು. ಕಾರ್ಖಾನೆಯ ಗಾಜು ಅಷ್ಟು ಗಟ್ಟಿಯಾದುದಾದರೆ ಅದರಲ್ಲೇ ಏಕೆ ಬೇಯಿಸಬಾರದು ಎಂಬುದು ಅವರ ಆಲೋಚನೆ. ಪತಿ ತಂದುಕೊಟ್ಟ, ಬ್ಯಾಟರಿ ಜಾಡಿಯ ಕತ್ತರಿಸಿದ ತಳಭಾಗದಲ್ಲಿ ಅವರು ಕೇಕ್ ಬೇಯಿಸಿದರು. ಅದು ಸಮನಾಗಿ ಬೆಂದಿತು. ಇದರ ಫಲವಾಗಿ 1915ರಲ್ಲಿ ‘ಪೈರೆಕ್ಸ್’ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಬೇಯಿಸಿದ ಪಾತ್ರೆಯನ್ನೇ ಊಟದ ಮೇಜಿನ ಮೇಲಿಡುವ ರೂಢಿ ಇದರಿಂದ ಬಲಗೊಂಡಿತು. ವಿಜ್ಞಾನಿಗಳ ಕಣ್ಣಿಗೆ ಬೀಳದ ಉಪಯೋಗವನ್ನು ಅಡುಗೆಮನೆಯಲ್ಲಿದ್ದ ಹೆಣ್ಣುಮಗಳೊಬ್ಬಳು ಕಂಡುಕೊಂಡಳೆಂಬುದನ್ನು ಇಲ್ಲಿ ನಾವು ನೆನೆಯಬೇಕು.

ಮೂರನೆಯದು ಬ್ರೆಡ್. ಆಟೋ ರೋವೆಡರ್ ಎಂಬವರು ರೂಪಿಸಿದ ಯಂತ್ರದಿಂದ ಹೋಳು ಮಾಡಿದ ಬ್ರೆಡ್ ಮೊದಲು ಮಾರಾಟವಾದದ್ದು 1928ರ ಜುಲೈ 7ರಂದು, ಮಿಸೌರಿ ರಾಜ್ಯದ ಚಿಲಿಕಾಥೆ ಊರಿನಲ್ಲಿ. ಒಂದೇ ದಪ್ಪದ ಹೋಳುಗಳು ಸುಲಭವಾಗಿ ದೊರೆತಾಗ ಪಾತ್ರೆಯ ತಳದಲ್ಲಿ ಅವನ್ನು ಸಾಲಾಗಿ ಹಾಸುವುದು ಮಕ್ಕಳಿಗೂ ಸಾಧ್ಯವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಜನವರಿಯಲ್ಲಿ, ಹೋಳು ಮಾಡಿದ ಬ್ರೆಡ್ಡಿನ ಮಾರಾಟವನ್ನು ಸರ್ಕಾರ ನಿಷೇಧಿಸಿತು. ಗೃಹಿಣಿಯರ ಅಸಮಾಧಾನ ಎಷ್ಟಿತ್ತೆಂದರೆ ಮಾರ್ಚ್ ತಿಂಗಳಲ್ಲೇ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ತಿಂಗಳ ಕೊನೆಯಲ್ಲಿ ಮಾಂಸ, ಬೆಣ್ಣೆ ಮತ್ತು ಚೀಸ್ ಪಡಿತರಕ್ಕೆ ಒಳಪಟ್ಟವು. ಮೊಟ್ಟೆಗೆ ಮಾತ್ರ ಅಮೆರಿಕದಲ್ಲಿ ಪಡಿತರವಿರಲಿಲ್ಲ. ಸ್ವಲ್ಪ ಮಾಂಸವನ್ನು ಹೆಚ್ಚು ಜನರಿಗೆ ಹಂಚಬೇಕಾದಾಗ ಮೊಟ್ಟೆ ಮತ್ತು ಬ್ರೆಡ್ ನೆರವಿಗೆ ಬರುವುದು ಸಹಜವೇ.

ನಾಲ್ಕನೆಯದು, ಎಲ್ಲಕ್ಕಿಂತ ನಿರ್ಣಾಯಕವಾದದ್ದು, ಫ್ರಿಜ್. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ‘ಮಾನಿಟರ್ ಟಾಪ್’ 1927ರಲ್ಲಿ ಬಂದಿತು. ಯುದ್ಧಾನಂತರದ ವರ್ಷಗಳಲ್ಲಿ ಫ್ರಿಜ್ ಬಹುಪಾಲು ಅಮೆರಿಕನ್ ಮನೆಗಳನ್ನು ಸೇರಿತು. ಅದಕ್ಕೆ ಮೊದಲು ಮಂಜುಗಡ್ಡೆಯ ಪೆಟ್ಟಿಗೆಗಳಿದ್ದವು. ಆದರೆ ಗಡ್ಡೆ ಕರಗಿದಂತೆಲ್ಲ ಒಳಗಿನ ತಂಪು ಕಡಿಮೆಯಾಗುತ್ತಿತ್ತು. ಹಸಿ ಮೊಟ್ಟೆ ಮತ್ತು ಹಾಲಿನ ಮಿಶ್ರಣವನ್ನು ಹನ್ನೆರಡು ಗಂಟೆಗಳ ಕಾಲ ನಿಶ್ಚಿಂತೆಯಿಂದ ಇರಿಸಲು ಸ್ಥಿರವಾದ ತಂಪು ಬೇಕು. ಫ್ರಿಜ್ ಅದನ್ನು ಒದಗಿಸಿತು. ಅಂದಿನಿಂದ ‘ರಾತ್ರಿ ಕೂಡಿಸಿಡು, ಬೆಳಗ್ಗೆ ಬೇಯಿಸು’ ಎಂಬ ವಿಧಾನ ಮನೆಮನೆಗೂ ಹಬ್ಬಿತು.

1950ರ ದಶಕ ಕ್ಯಾಸರೋಲುಗಳ ಪರ್ವಕಾಲ. ಕ್ಯಾಂಬೆಲ್ ಸಂಸ್ಥೆಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಅವರು ರೂಪಿಸಿದ ಹಸಿರು ಬೀನ್ಸ್ ಕ್ಯಾಸರೋಲ್ 1955ರದು. ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಅದು ಇಂದಿಗೂ ಉಳಿದಿದೆ. ಚರ್ಚುಗಳ ಮತ್ತು ಮಹಿಳಾ ಸಂಘಗಳ ಸದಸ್ಯೆಯರು ನಿಧಿ ಸಂಗ್ರಹಕ್ಕಾಗಿ ಅಚ್ಚು ಹಾಕಿಸುತ್ತಿದ್ದ ಪಾಕಪುಸ್ತಕಗಳ ಮೂಲಕ ಇಂಥ ಪಾಕಗಳು ಊರಿಂದೂರಿಗೆ ಸಾಗಿದವು. ಬ್ರೆಡ್ಡಿನ ಬದಲು ತುರಿದ ಆಲೂಗೆಡ್ಡೆ, ಸಾಸೇಜಿನ ಬದಲು ಹಸಿರು ಮೆಣಸಿನಕಾಯಿ ಹೀಗೆ ಪ್ರಾಂತ್ಯಕ್ಕೊಂದು ರೂಪವೂ ಬಂದಿತು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಪ್ರಮಾಣ ಹೀಗಿದೆ: 9 ಇಂಚು ಅಗಲ, 13 ಇಂಚು ಉದ್ದದ ಪಾತ್ರೆಗೆ ಆರು ಹೋಳು ಬ್ರೆಡ್, ಎಂಟು ಮೊಟ್ಟೆ, ಎರಡು ಕಪ್ ಹಾಲು, ಎರಡು ಕಪ್ ತುರಿದ ಚೀಸ್, ಹುರಿದ ಮಾಂಸ ಅಥವಾ ತರಕಾರಿ, ಉಪ್ಪು ಮತ್ತು ಚಿಟಿಕೆ ಸಾಸಿವೆ ಪುಡಿ. ಬ್ರೆಡ್ ಒಣಗಿದಷ್ಟೂ ಒಳ್ಳೆಯದು. ಅದು ದ್ರವವನ್ನು ಹೀರಿಯೂ ಆಕಾರ ಕಳೆದುಕೊಳ್ಳುವುದಿಲ್ಲ. ತರಕಾರಿಯ ನೀರನ್ನು ಮೊದಲೇ ಬಾಡಿಸಿ ತೆಗೆಯದಿದ್ದರೆ ತಳದಲ್ಲಿ ನೀರು ನಿಲ್ಲುತ್ತದೆ. 350 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಇದು ಬೇಯುತ್ತದೆ. ನಡುಭಾಗದ ಉಷ್ಣತೆ 160 ಡಿಗ್ರಿ ಫ್ಯಾರನ್‌ಹೀಟ್ ತಲುಪಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಅತಿಯಾಗಿ ಬೇಯಿಸಿದರೆ ಮೊಟ್ಟೆಯ ಪ್ರೋಟೀನುಗಳು ಬಿಗಿದುಕೊಂಡು ನೀರನ್ನು ಹೊರಹಾಕುತ್ತವೆ.

ಇಷ್ಟೆಲ್ಲ ಅನುಕೂಲದಿಂದ ನಿಜವಾಗಿ ಬಿಡುವು ಸಿಕ್ಕಿದ್ದು ಯಾರಿಗೆ? ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಅವರು 1983ರಲ್ಲಿ ಪ್ರಕಟಿಸಿದ ‘ಮೋರ್ ವರ್ಕ್ ಫಾರ್ ಮದರ್’ ಎಂಬ ಗ್ರಂಥದಲ್ಲಿ ಈ ಪ್ರಶ್ನೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಗೃಹೋಪಕರಣಗಳು ದೈಹಿಕ ಶ್ರಮವನ್ನು ತಗ್ಗಿಸಿದವಾದರೂ ತಾಯಂದಿರು ಮನೆಗೆಲಸಕ್ಕೆ ವ್ಯಯಿಸುವ ವೇಳೆ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲವೆಂಬುದು ಅವರ ವಾದದ ಸಾರ. ಉಪಕರಣ ಬಂದಂತೆಲ್ಲ ನಿರೀಕ್ಷೆಯೂ ಬೆಳೆಯಿತು. ಮೊಟ್ಟೆ ಕ್ಯಾಸರೋಲ್ ಈ ವಾದಕ್ಕೆ ಒಳ್ಳೆಯ ನಿದರ್ಶನ. ಅದು ಬೆಳಗಿನ ಕೆಲಸವನ್ನು ಇಲ್ಲವಾಗಿಸಲಿಲ್ಲ. ಹಿಂದಿನ ರಾತ್ರಿಗೆ ವರ್ಗಾಯಿಸಿತು. ಉಡುಗೊರೆಗಳನ್ನು ಸುತ್ತಿ ಮುಗಿಸಿ, ಮಕ್ಕಳು ಮಲಗಿದ ಮೇಲೆ, ಬ್ರೆಡ್ ಹಾಸಿ ಮೊಟ್ಟೆ ಕಲಕುವ ಕೈ ಹೆಚ್ಚಿನ ಮನೆಗಳಲ್ಲಿ ಬಹುಕಾಲ ಒಂದೇ ಆಗಿತ್ತು.

ಈ ಮಾತು ಕನ್ನಡಿಗರಾದ ನಮಗೆ ಹೊಸದೇನಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲೇ ‘ಇಡ್ಡಲಿಗೆ’ಯ ಹೆಸರು ಬಂದಿದೆ. ಇಂದಿನ ಇಡ್ಲಿಯಂತೂ ಪೂರ್ಣವಾಗಿ ಹಿಂದಿನ ರಾತ್ರಿಯ ಕೆಲಸವನ್ನೇ ನಂಬಿದೆ. ಹಿಟ್ಟು ರುಬ್ಬಿಟ್ಟು ಮಲಗಿದರೆ ಉಳಿದದ್ದನ್ನು ಹುದುಗು ನೋಡಿಕೊಳ್ಳುತ್ತದೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಹಲವು ದಿನ ಮುಂಚೆಯೇ ಕುಸ್ವಾರದ ತಿಂಡಿಗಳ ತಯಾರಿ ಆರಂಭವಾಗುತ್ತದೆ. ಅಲ್ಲಿ ಮಕ್ಕಳಾದಿಯಾಗಿ ಎಲ್ಲರೂ ಕೂತು ಕಿಡಿಯೊ ಹೊಸೆಯುವ ವಾಡಿಕೆಯಿದೆ. ಒಲೆ, ಧಾನ್ಯ, ಧರ್ಮ ಬೇರೆಯಾದರೂ ಹಬ್ಬದ ಅಡುಗೆಯ ಬಹುಭಾಗ ಹಬ್ಬಕ್ಕೆ ಮೊದಲೇ ನಡೆಯುತ್ತದೆ.

1965ರ ವಲಸೆ ಕಾಯಿದೆಯ ನಂತರ ಇಲ್ಲಿಗೆ ಬಂದ ನಮ್ಮವರ ಮನೆಗಳಲ್ಲಿ ಈಗ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದಾರೆ. ಶಾಲೆಯಲ್ಲಿ, ನೆರೆಯವರಲ್ಲಿ ಕಂಡುಂಡ ಈ ತಿನಿಸನ್ನು ಅವರು ಮನೆಯಲ್ಲೂ ಕೇಳುತ್ತಾರೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಈರುಳ್ಳಿ ಸೇರಿ ಅದು ನಮ್ಮ ನಾಲಿಗೆಗೂ ಒಗ್ಗುತ್ತದೆ. ಆದರೆ ನಮ್ಮಲ್ಲಿ ಮೊಟ್ಟೆ ಮುಟ್ಟದವರೂ ಅನೇಕರಿದ್ದಾರೆ. ಬೆಂದ ಮೇಲೆ ಮೊಟ್ಟೆ ಇದೆಯೋ ಇಲ್ಲವೋ ಎಂದು ನೋಡಿ ಹೇಳುವುದು ಕಷ್ಟ. ಕೂಡಿ ಉಣ್ಣುವ ಸಮಾರಂಭಗಳಿಗೆ ತರುವಾಗ ಪಾತ್ರೆಯ ಮೇಲೆ ‘ಮೊಟ್ಟೆ ಇದೆ’ ಎಂದು ಬರೆದಿಡುವುದು ಹಿರಿಯರಿಗೆ ಸಲ್ಲಿಸುವ ಗೌರವ, ಅಲರ್ಜಿ ಇರುವವರಿಗೆ ರಕ್ಷಣೆ. ಮೊಟ್ಟೆಯಿಲ್ಲದೆ ಮಾಡುವವರು ಅದರ ಬದಲು ಮೈದಾ, ಬೆಣ್ಣೆ, ಹಾಲಿನ ಗಟ್ಟಿ ಸಾಸ್ ಬಳಸಬಹುದು. ಆಗ ಪದಾರ್ಥಗಳನ್ನು ಹಿಡಿದಿಡುವ ಕೆಲಸವನ್ನು ಹಿಟ್ಟು ಮಾಡುತ್ತದೆ.

ಮುಂದಿನ ಪೀಳಿಗೆ ಹಬ್ಬದ ಬೆಳಗನ್ನು ಯಾವ ತಿನಿಸಿನಿಂದ ನೆನೆಯುತ್ತದೆಂಬುದನ್ನು ನಾವು ನಿರ್ಧರಿಸಲಾರೆವು. ಆ ತಿನಿಸಿಗಾಗಿ ಹಿಂದಿನ ರಾತ್ರಿ ಎಚ್ಚರವಿದ್ದವರು ಯಾರು ಎಂಬುದನ್ನು ಮಾತ್ರ ಬದಲಿಸಬಲ್ಲೆವು. ಬ್ರೆಡ್ ಹಾಸುವುದು ಮಕ್ಕಳಿಗೆ ಬರುತ್ತದೆ, ಚೀಸ್ ತುರಿಯುವುದು ಅಪ್ಪಂದಿರಿಗೆ ಬರುತ್ತದೆ, ಪಾತ್ರೆ ತೊಳೆಯುವುದು ಎಲ್ಲರಿಗೂ ಬರುತ್ತದೆ. ಈ ಹಬ್ಬದ ಋತುವಿನಲ್ಲಿ ಆ ಕೆಲಸವನ್ನು ಹಂಚಿಕೊಂಡು ಮಾಡೋಣ. ಸಮಸ್ತ ಓದುಗರಿಗೂ ಹಬ್ಬದ ಹಾರ್ದಿಕ ಶುಭಾಶಯಗಳು.