ಬಲದ ಅಳತೆಗಲ್ಲು

ಬಲಶಾಲಿಯ ಕಥೆಯನ್ನು ನಾವು ಸಾಮಾನ್ಯವಾಗಿ ಅವನು ಎತ್ತಿದ ಭಾರದಿಂದ ಆರಂಭಿಸುತ್ತೇವೆ. ಆ ಭಾರವನ್ನು ಯಾರು, ಯಾತಕ್ಕಾಗಿ ಎತ್ತಿಸಿದರು ಎಂದು ಕೇಳಿದಾಗ ಕಥೆ ಚರಿತ್ರೆಯಾಗುತ್ತದೆ. ಐಸ್‌ಲೆಂಡಿನ ಯೋನ್ ಪಾಲ್ ಸಿಗ್ಮಾರ್ಸನ್ನನ ಬಾಳನ್ನು ಈ ದೃಷ್ಟಿಯಿಂದ ನೋಡುವುದು ಉಚಿತ.

ಉತ್ತರ ಅಟ್ಲಾಂಟಿಕ್ ಸಾಗರದ ಆ ದ್ವೀಪದ ಪಶ್ಚಿಮ ತೀರದಲ್ಲಿ ದ್ರಿತ್‌ವೀಕ್ ಎಂಬ ಹಳೆಯ ಮೀನುಗಾರಿಕೆಯ ನೆಲೆಯಿದೆ. ಅದರ ಪಕ್ಕದ ಕಡಲದಂಡೆಯಲ್ಲಿ 154, 100, 54 ಮತ್ತು 23 ಕಿಲೋಗ್ರಾಂ ತೂಕದ ನಾಲ್ಕು ಗುಂಡುಕಲ್ಲುಗಳು ಬಿದ್ದಿವೆ. ಅವುಗಳ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ಪೂರ್ಣಬಲ, ಅರ್ಧಬಲ, ಅರ್ಧಪಾಲಿನವನು, ಕೈಲಾಗದವನು. ದೋಣಿಯ ಕೆಲಸ ಬೇಡಿ ಬಂದವನು ಕಲ್ಲನ್ನೆತ್ತಿ ಸೊಂಟದೆತ್ತರದ ಬಂಡೆಯ ಮೇಲೆ ಇಡಬೇಕಾಗಿತ್ತು. ‘ಅರ್ಧಪಾಲಿನವನ’ನ್ನೂ ಎತ್ತಲಾರದವನಿಗೆ ದೋಣಿಯಲ್ಲಿ ಎಡೆಯಿರಲಿಲ್ಲ. ಬಲವೆಂಬುದು ಅಲ್ಲಿ ಅನ್ನದ ಅಳತೆಯಾಗಿತ್ತು.

ಯೋನ್ ಪಾಲ್ 1960ರ ಏಪ್ರಿಲ್ 28ರಂದು ಹುಟ್ಟುವ ಹೊತ್ತಿಗೆ ಆ ಕಾಲ ಕಳೆದುಹೋಗಿತ್ತು. ದೋಣಿಗಳಿಗೆ ಯಂತ್ರ ಬಂದಿತ್ತು. ದುಡಿಮೆಗೆ ಬೇಡವಾದ ಬಲ ಹೊಸ ರಂಗವೊಂದನ್ನು ಹುಡುಕಿಕೊಂಡಿತು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದೂರದರ್ಶನದ ಪ್ರೇಕ್ಷಕರಿಗಾಗಿ ‘ಜಗತ್ತಿನ ಅತ್ಯಂತ ಬಲಶಾಲಿ’ ಎಂಬ ಸ್ಪರ್ಧೆ ಆರಂಭವಾಯಿತು. ಹೊರುವುದು, ಎಳೆಯುವುದು, ಎತ್ತುವುದು ಮುಂತಾದ ಹಳೆಯ ಕೂಲಿಕೆಲಸಗಳೇ ಅಲ್ಲಿ ಆಟಗಳಾದವು.

ಪವರ್‌ಲಿಫ್ಟಿಂಗಿನಲ್ಲಿ ಪಳಗಿದ ಯೋನ್ ಪಾಲ್ 1983ರಲ್ಲಿ ಇಂಗ್ಲೆಂಡಿನ ಜೆಫ್ ಕೇಪ್ಸನಿಗೆ ಸೋತು ಎರಡನೆಯವನಾದ. ಮರುವರ್ಷ ಸ್ವೀಡನ್ನಿನ ಮೋರಾದಲ್ಲಿ ಗೆದ್ದಾಗ ಅವನಿಗೆ 24 ವರ್ಷ. 1985ರಲ್ಲಿ ಕೇಪ್ಸ್ ಕಿರೀಟವನ್ನು ಮರಳಿ ಪಡೆದರೂ 1986, 1988 ಮತ್ತು 1990ರಲ್ಲಿ ಅದು ಯೋನ್ ಪಾಲನದೇ ಆಯಿತು. ಕೊನೆಯ ಗೆಲುವಿನಲ್ಲಿ ಅಮೆರಿಕದ ಓ. ಡಿ. ವಿಲ್ಸನ್ನನಿಗಿಂತ ಅವನು ಮುಂದಿದ್ದುದು ಅರ್ಧ ಅಂಕದಷ್ಟು ಮಾತ್ರ. ನಾಲ್ಕು ಸಲ ಗೆದ್ದವರಲ್ಲಿ ಈತನೇ ಮೊದಲಿಗ.

ಜನ ಅವನನ್ನು ನೆನೆಯುವುದು ಅಂಕಗಳಿಗಿಂತ ಹೆಚ್ಚಾಗಿ ಅವನ ಕೂಗಿನಿಂದ. ಪ್ರೇಕ್ಷಕನೊಬ್ಬ ಎಸ್ಕಿಮೋ ಎಂದು ಕರೆದಾಗ, ಭಾರ ಹಿಡಿದಿದ್ದಂತೆಯೇ, ತಾನು ವೈಕಿಂಗ್ ಎಂದು ಗರ್ಜಿಸಿದನಂತೆ. ಆಗ ಎರಡೂವರೆ ಲಕ್ಷ ಜನಸಂಖ್ಯೆಯೂ ಇಲ್ಲದಿದ್ದ ನಾಡಿಗೆ ಆ ಕೂಗು ತನ್ನದೇ ದನಿಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ನೆಲದ ಮೇಲಿನ ಭಾರವನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್ ಸಾಧ್ಯವಿಲ್ಲವಾದರೆ ಬದುಕಿ ಫಲವೇನು ಎಂಬರ್ಥದ ಅವನ ಇನ್ನೊಂದು ಉದ್ಗಾರವೂ ಪ್ರಸಿದ್ಧವಾಗಿದೆ.

ಆ ಮಾತು ಕ್ರೂರವಾಗಿ ನಿಜವಾಯಿತು. 1993ರ ಜನವರಿ 16ರಂದು ರೇಕ್ಯಾವಿಕ್ ನಗರದ ವ್ಯಾಯಾಮಶಾಲೆಯಲ್ಲಿ ಡೆಡ್‌ಲಿಫ್ಟ್ ಮಾಡುತ್ತಿದ್ದಾಗಲೇ ಅವನು ಕುಸಿದು ಪ್ರಾಣಬಿಟ್ಟ. ಆಗ ಅವನಿಗೆ 32 ವರ್ಷ. ತೋಳು, ಬೆನ್ನುಗಳನ್ನು ಪಳಗಿಸಿದಂತೆ ಹೃದಯವನ್ನು ಪಳಗಿಸಲಾಗುವುದಿಲ್ಲ.

ದ್ರಿತ್‌ವೀಕಿನ ಕಲ್ಲುಗಳು ಕಠಿಣವಾಗಿದ್ದವು, ನಿಜ; ಆದರೆ ಅವು ನಾಲ್ಕೇ ಇದ್ದವು. ‘ಪೂರ್ಣಬಲ’ವನ್ನೆತ್ತಿದವನನ್ನು ಐದನೆಯದನ್ನು ಎತ್ತೆಂದು ಯಾರೂ ಕೇಳುತ್ತಿರಲಿಲ್ಲ. ಅವನು ದೋಣಿ ಹತ್ತಿ ಕಡಲಿಗೆ ಹೋಗುತ್ತಿದ್ದ. ಸ್ಪರ್ಧೆಯ ರಂಗದಲ್ಲಿಯಾದರೋ ಎತ್ತಿದ್ದಕ್ಕಿಂತ ಹೆಚ್ಚಿನ ಭಾರ ಯಾವಾಗಲೂ ಕಾದಿರುತ್ತದೆ. ಯೋನ್ ಪಾಲನ ಬಳಿಕ ಅವನ ನಾಡಿನವನೇ ಆದ ಮಾಗ್ನುಸ್ ವೇರ್ ಮಾಗ್ನುಸನ್ ಸಹ 1991ರಿಂದ 1996ರೊಳಗೆ ನಾಲ್ಕು ಸಲ ಗೆದ್ದ. 2018ರಲ್ಲಿ ಹಾಫ್‌ಥೋರ್ ಬ್ಯೋರ್ನ್‌ಸನ್ ಗೆದ್ದ. ಕಡಲದಂಡೆಯ ಆ ಕಲ್ಲುಗಳನ್ನು ಪ್ರವಾಸಿಗರು ಇಂದಿಗೂ ಎತ್ತಿ ನೋಡುತ್ತಾರೆ. ಎತ್ತಲಾರದವರು ನಕ್ಕು ಮುಂದೆ ನಡೆಯುತ್ತಾರೆ. ಅವರ ಅನ್ನಕ್ಕೂ ಆ ಕಲ್ಲಿಗೂ ಈಗ ಸಂಬಂಧವಿಲ್ಲ.