ಸಾಗರದ ಸಹಜ ಆಂದೋಲನ: ಗಾಳಿ ನಿಂತರೂ ನಿಲ್ಲದ ನೀರು

ನೀರು ತುಂಬಿದ ಹಂಡೆಯನ್ನು ಒಮ್ಮೆ ಅಲುಗಿಸಿ ಬಿಟ್ಟರೆ ಒಳಗಿನ ನೀರು ಕೆಲಕಾಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತೂಗಾಡುತ್ತದೆ. ಈ ತೂಗಾಟದ ಲಯವನ್ನು ನಿರ್ಧರಿಸುವುದು ಅಲುಗಿಸಿದ ಕೈಯಲ್ಲ. ಹಂಡೆಯ ಅಗಲ ಮತ್ತು ನೀರಿನ ಆಳ. ಸರೋವರ, ಕೊಲ್ಲಿ, ಸಮುದ್ರಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಜಲರಾಶಿಯೊಂದು ಹೀಗೆ ತನ್ನದೇ ಲಯದಲ್ಲಿ ತೂಗಾಡುವುದನ್ನು ಸಹಜ ಆಂದೋಲನ ಎನ್ನುತ್ತಾರೆ. ವಿಜ್ಞಾನದಲ್ಲಿ ಇದಕ್ಕೆ ‘ಸೇಶ್’ ಎಂಬ ಹೆಸರೂ ಉಂಟು. ಜಿನೀವಾ ಸರೋವರದ ದಡದ ಜನರ ಆಡುಮಾತಿನಲ್ಲಿದ್ದ ಈ ಪದವನ್ನು ಶಾಸ್ತ್ರಕ್ಕೆ ತಂದವರು 19ನೇ ಶತಮಾನದ ಸ್ವಿಸ್ ವಿಜ್ಞಾನಿ ಫೋರೆಲ್.

ಸರಳ ಸೂತ್ರ

ಆಂದೋಲನದ ಅವಧಿಯನ್ನು ಲೆಕ್ಕ ಹಾಕುವ ಸೂತ್ರವನ್ನು 1828ರಲ್ಲಿ ಮೇರಿಯನ್ ನೀಡಿದರು. ಗುರುತ್ವ ವೇಗೋತ್ಕರ್ಷವನ್ನು ನೀರಿನ ಆಳದಿಂದ ಗುಣಿಸಿ ವರ್ಗಮೂಲ ತೆಗೆದರೆ ದೀರ್ಘ ಅಲೆಯ ವೇಗ ದೊರೆಯುತ್ತದೆ. ಎಲ್ಲ ಕಡೆ ಮುಚ್ಚಿದ ಸರೋವರವಾದರೆ ಉದ್ದದ ಎರಡರಷ್ಟನ್ನು, ಒಂದು ತುದಿ ತೆರೆದ ಕೊಲ್ಲಿಯಾದರೆ ನಾಲ್ಕರಷ್ಟನ್ನು ಈ ವೇಗದಿಂದ ಭಾಗಿಸಬೇಕು.

ಇಟಲಿಯ ಪೂರ್ವಕ್ಕಿರುವ ಆಡ್ರಿಯಾಟಿಕ್ ಸಮುದ್ರ ಇದಕ್ಕೆ ಉತ್ತಮ ನಿದರ್ಶನ. ಅದರ ಉದ್ದ ಸುಮಾರು 800 ಕಿ.ಮೀ., ಸರಾಸರಿ ಆಳ ಸುಮಾರು 240 ಮೀಟರ್. ಸೂತ್ರದ ಪ್ರಕಾರ ಅವಧಿ ಸುಮಾರು 18 ಗಂಟೆ. ಅಳತೆಗೆ ಸಿಗುವುದು 21ರಿಂದ 22 ಗಂಟೆ. ಸಮುದ್ರದ ಆಳ ಒಂದೇ ಸಮನಾಗಿಲ್ಲದಿರುವುದೇ ಈ ಅಂತರಕ್ಕೆ ಮುಖ್ಯ ಕಾರಣ. ದಕ್ಷಿಣದ ಕುಳಿ 1200 ಮೀಟರಿಗೂ ಹೆಚ್ಚು ಆಳವಾಗಿದ್ದರೆ ಉತ್ತರ ಭಾಗ ನೂರು ಮೀಟರನ್ನೂ ಮುಟ್ಟುವುದಿಲ್ಲ.

ಗಣಕ ಮಾದರಿಗಳು

ಆದ್ದರಿಂದ ಸಮುದ್ರವನ್ನು ಸಣ್ಣ ಸಣ್ಣ ಖಂಡಗಳಾಗಿ ವಿಂಗಡಿಸಿ, ಪ್ರತಿ ಖಂಡದ ಆಳ, ತಳದ ಘರ್ಷಣೆ ಹಾಗೂ ಭೂಮಿಯ ಭ್ರಮಣದ ಪರಿಣಾಮಗಳನ್ನು ಸೇರಿಸಿ ಸಮೀಕರಣಗಳನ್ನು ರಚಿಸಲಾಗುತ್ತದೆ. ಹೊರಗಿನ ಯಾವ ಬಲವೂ ಇಲ್ಲದೆ ಯಾವ ಅವಧಿಗಳಲ್ಲಿ ನೀರು ತಾನಾಗಿ ತೂಗಾಡಬಲ್ಲದು ಎಂಬುದೇ ಮಾದರಿಯ ಮುಂದಿರುವ ಪ್ರಶ್ನೆ. ಉತ್ತರ ಒಂದಲ್ಲ, ಹಲವು. ಆಡ್ರಿಯಾಟಿಕ್‌ನ ಎರಡನೆಯ ಅವಧಿ ಸುಮಾರು 11 ಗಂಟೆ. ಅಮೆರಿಕದ ಜಾರ್ಜ್ ಪ್ಲಾಟ್ಸ್‌ಮನ್ ಮತ್ತು ಸಂಗಡಿಗರು 1981ರಲ್ಲಿ ಇಡೀ ವಿಶ್ವಸಾಗರಕ್ಕೇ ಇಂಥ ಲೆಕ್ಕ ಮಾಡಿ, 8ರಿಂದ 80 ಗಂಟೆಗಳ ನಡುವಿನ ಆಂದೋಲನಗಳನ್ನು ವಿವರಿಸಿದರು.

ಹೊರಗಿನ ತಳ್ಳುವಿಕೆ ಸಹಜ ಅವಧಿಗೆ ಹೊಂದಿಕೊಂಡರೆ ಆಂದೋಲನ ಹಿಗ್ಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಂತೆ. ಕೆನಡಾದ ಫಂಡಿ ಕೊಲ್ಲಿ ಮತ್ತು ಅದಕ್ಕೆ ಹೊಂದಿದ ಮೇನ್ ಕೊಲ್ಲಿಯ ಒಟ್ಟು ಸಹಜ ಅವಧಿ ಸುಮಾರು 13 ಗಂಟೆ. ಚಂದ್ರನಿಂದಾಗುವ ಉಬ್ಬರದ ಅವಧಿ 12.4 ಗಂಟೆ. ಅಲ್ಲಿ ಉಬ್ಬರವಿಳಿತಗಳ ಅಂತರ 16 ಮೀಟರಿನವರೆಗೆ ತಲುಪಲು ಈ ಸಾಮೀಪ್ಯವೇ ಕಾರಣ.

ವೆನಿಸ್ ನಗರದ ಅಳಿವು-ಉಳಿವು

ಆಡ್ರಿಯಾಟಿಕ್‌ನ ಉತ್ತರ ತುದಿಯಲ್ಲಿ ವೆನಿಸ್ ಇದೆ. ಆಗ್ನೇಯದಿಂದ ಬೀಸುವ ‘ಸಿರೊಕ್ಕೊ’ ಗಾಳಿ ನೀರನ್ನು ಈ ತುದಿಗೆ ಒತ್ತರಿಸುತ್ತದೆ. ಗಾಳಿ ಇಳಿದ ಮೇಲೆ ಹಿಂದೆ ಸರಿದ ನೀರು ಸುಮಾರು 22 ಗಂಟೆಗಳ ನಂತರ ಮರಳಿ ಬರುತ್ತದೆ. ಹೀಗೆ ಹಲವು ದಿನ ನಡೆಯುತ್ತದೆ. ಪ್ರತಿದಿನ ಎರಡು-ಮೂರು ಗಂಟೆ ಮುಂಚೆ ಬರುವ ಈ ಏರಿಕೆ ಯಾವುದಾದರೊಂದು ದಿನ ಉಬ್ಬರದೊಡನೆ ಕೂಡಿದರೆ, ಆಕಾಶ ಶುಭ್ರವಾಗಿದ್ದರೂ ಬೀದಿಗೆ ನೀರು ನುಗ್ಗಬಹುದು. ಹಳೆಯ ಆಂದೋಲನ ಅಡಗುವ ಮೊದಲೇ ಹೊಸ ಬಿರುಗಾಳಿ ಬಂದರೆ ಅಪಾಯ ಇಮ್ಮಡಿ. ಆದಕಾರಣ ಇಂದಿನ ಗಾಳಿಯೊಂದನ್ನೇ ನೋಡಿ ನೀರಿನ ಮಟ್ಟ ಹೇಳಲಾಗದು. ಹಿಂದಿನ ದಿನಗಳ ಬಿರುಗಾಳಿಯಿಂದ ಉಳಿದುಬಂದ ತೂಗಾಟವನ್ನೂ ಮಾದರಿ ಲೆಕ್ಕಕ್ಕೆ ಹಿಡಿಯಬೇಕು.

1966ರ ನವೆಂಬರ್ 4ರಂದು ವೆನಿಸ್‌ನಲ್ಲಿ ನೀರು 194 ಸೆಂ.ಮೀ. ಏರಿತ್ತು. ಈಗ ನಗರದ ರಕ್ಷಣೆಗೆ ‘ಮೋಸೆ’ ಎಂಬ 78 ಕದಗಳ ಚಲಿಸುವ ತಡೆಗೋಡೆಯಿದೆ. 2020ರ ಅಕ್ಟೋಬರ್ 3ರಂದು ಏರುತ್ತಿದ್ದ ನೀರನ್ನು ತಡೆಯಲು ಅದನ್ನು ಮೊದಲ ಬಾರಿಗೆ ಎತ್ತಲಾಯಿತು. ಅದೇ ವರ್ಷ ಡಿಸೆಂಬರ್ 8ರಂದು, ಮುನ್ಸೂಚನೆಯಲ್ಲಿ ನೀರಿನ ಮಟ್ಟ ಕಡಿಮೆಯೆಂದಿದ್ದ ಕಾರಣ, ಕದಗಳನ್ನು ಎತ್ತಲಿಲ್ಲ. ಗಾಳಿ ಅಂದಾಜು ಮೀರಿ ಬೀಸಿ ನೀರು 138 ಸೆಂ.ಮೀ.ಗೆ ಏರಿ ನಗರ ಜಲಾವೃತವಾಯಿತು. ಗೋಡೆ ಎಷ್ಟೇ ಬಲವಾಗಿರಲಿ, ಅದನ್ನು ಎತ್ತುವ ಹೊತ್ತನ್ನು ತಿಳಿಸಬೇಕಾದದ್ದು ಲೆಕ್ಕಾಚಾರವೇ.